ಬಸವನಗುಡಿಯಿಂದ ಬಿಟಿಎಂವರೆಗೆ, ಮಳೆನೀರಿನ ಬೆನ್ನು ಹಿಡಿದು

ಬಸವನಗುಡಿಯ ದಿಬ್ಬದ ಮೇಲೆ ಬಿದ್ದ ಮಳೆಗೆ ಎರಡು ದಾರಿಗಳಿವೆ. ಪಶ್ಚಿಮಕ್ಕೆ ಇಳಿದ ನೀರು ವೃಷಭಾವತಿಯ ಪಾಲು. ಅದು ಬೈರಮಂಗಲ ಜಲಾಶಯ ದಾಟಿ, ಅರ್ಕಾವತಿಯನ್ನು ಕೂಡಿ, ಸಂಗಮದಲ್ಲಿ ಕಾವೇರಿಗೆ ಸೇರುತ್ತದೆ. ಪೂರ್ವಕ್ಕೆ ಇಳಿದದ್ದು ಕೋರಮಂಗಲ–ಚಲ್ಲಘಟ್ಟ ಕಣಿವೆ ಹಿಡಿದು, ಬೆಳ್ಳಂದೂರು, ವರ್ತೂರು ಕೆರೆಗಳನ್ನು ತುಂಬಿಸಿ, ದಕ್ಷಿಣ ಪಿನಾಕಿನಿಯ ಜೊತೆ ತಮಿಳುನಾಡಿಗೆ ಹೋಗುತ್ತದೆ. ಎರಡೂ ಕೊನೆಗೆ ಮುಟ್ಟುವುದು ಬಂಗಾಳ ಕೊಲ್ಲಿಯನ್ನೇ. ದೊಡ್ಡ ಬಸವನ ಪಾದದ ಬುಡದಲ್ಲಿ ವೃಷಭಾವತಿ ಹುಟ್ಟುತ್ತಾಳೆಂಬ ಹಳೆಯ ನಂಬಿಕೆಯಂತೂ ಕಡಲೆಕಾಯಿ ಪರಿಷೆಗೆ ಬಂದವರಿಗೆಲ್ಲ ಗೊತ್ತು.

ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಊರಿಗೆ, ತುಂಬಿ ಹರಿಯುವ ದೊಡ್ಡ ನದಿಯೇ ಇಲ್ಲದ ಊರಿಗೆ, ಪ್ರವಾಹ ಎಲ್ಲಿಂದ ಬರುತ್ತದೆ? ದಕ್ಷಿಣ ಬೆಂಗಳೂರಿನಲ್ಲಿ ಮನೆ ಕೊಳ್ಳಲು ಓಡಾಡುವವರು ಈ ಪ್ರಶ್ನೆ ಕೇಳುವುದು ಕಡಿಮೆ. ಖಾತೆ ಎ ಇದೆಯೋ ಬಿ ಇದೆಯೋ, ಬಾಗಿಲು ಪೂರ್ವಕ್ಕಿದೆಯೋ, ಕಾವೇರಿ ನೀರು ವಾರಕ್ಕೆಷ್ಟು ದಿನ, ಮೆಟ್ರೊ ಎಷ್ಟು ದೂರ ಎಂದೆಲ್ಲ ವಿಚಾರಿಸುತ್ತಾರೆ. ಮಳೆನೀರು ಯಾವ ಕಡೆಯಿಂದ ಬಂದು ಯಾವ ಕಡೆಗೆ ಹೋಗುತ್ತದೆ ಎಂದು ಕೇಳಿದರೆ ಬ್ರೋಕರು ಒಮ್ಮೆ ಮುಖ ನೋಡಿ, ‘ಒಂದ್ಸಲ ಬಂದಿತ್ತು ಸಾರ್, ಈಗೆಲ್ಲ ಸರಿ ಮಾಡಿದಾರೆ’ ಎಂಬ ಸಿದ್ಧ ಉತ್ತರ ಕೊಡುತ್ತಾನೆ. ಹಾಗಾಗಿ ಈ ಪ್ರವಾಸದಲ್ಲಿ ದಾರಿ ತೋರಿಸುವ ಕೆಲಸ ನೀರಿನದೇ. ನೋಡಬೇಕಾದ್ದು ದೇವಸ್ಥಾನ, ಉದ್ಯಾನಗಳಲ್ಲ. ಇಳಿಜಾರು, ಮೋರಿ, ಹೊಸ್ತಿಲು.

ಮೊದಲು ಪಶ್ಚಿಮದ ದಾರಿ. ಬನಶಂಕರಿ ಮೂರನೇ ಹಂತ ಬಿಟ್ಟು ಹೊಸಕೆರೆಹಳ್ಳಿಯ ಕಡೆ ಹೊರಟರೆ ರಸ್ತೆ ಇಳಿಯುತ್ತಲೇ ಹೋಗುವುದು ಕಾಲಿಗೇ ಗೊತ್ತಾಗುತ್ತದೆ. ತಳದಲ್ಲಿ ರಾಜಕಾಲುವೆ, ಅದರ ಪಕ್ಕ ದತ್ತಾತ್ರೇಯ ನಗರ. 2020ರ ಅಕ್ಟೋಬರ್ 23ರ ಸಂಜೆ, ದಸರಾ ವಾರದಲ್ಲಿ, ಸುರಿದ ಮಳೆಗೆ ಈ ಕಾಲುವೆ ಉಕ್ಕಿ ಬೀದಿಗಳಿಗೆ ನುಗ್ಗಿತು. ನಿಲ್ಲಿಸಿದ್ದ ಕಾರು, ಬೈಕುಗಳು ತೇಲಿ ಹೋದವು. ಮನೆಯೊಳಗೆ ಎದೆಮಟ್ಟ ನೀರು ನಿಂತಾಗ ಯುವಕನೊಬ್ಬ ಹಸುಗೂಸನ್ನು ಎತ್ತಿ ಹಿಡಿದು ಹೊರಗೆ ತಂದ ವಿಡಿಯೊ ಆ ರಾತ್ರಿ ಊರೆಲ್ಲ ಹರಿದಾಡಿತು. ಮರುದಿನ ಬಂದ ಆಗಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ, ನೀರು ನುಗ್ಗಿದ ಮನೆಗಳಿಗೆ ತಲಾ 25,000 ರೂಪಾಯಿ ಪರಿಹಾರ ಪ್ರಕಟಿಸಿದರು.

ಆ 25,000ಕ್ಕೆ ಒಂದು ಫ್ರಿಜ್ ಬಂದೀತು. ಹಾಸಿಗೆ, ಮಂಚ, ಯುಪಿಎಸ್ ಬ್ಯಾಟರಿ, ವಾಷಿಂಗ್ ಮಷೀನು, ಮಕ್ಕಳ ಪುಸ್ತಕ, ಉಬ್ಬಿದ ಪ್ಲೈವುಡ್ ಬೀರು, ಅಡುಗೆಮನೆಯ ಒಂದು ತಿಂಗಳ ದಿನಸಿ, ಇವೆಲ್ಲ ಆ ಲೆಕ್ಕದಿಂದ ಹೊರಗೆ. ಸರ್ಕಾರದ ಪರಿಹಾರ ತುರ್ತಿನ ಕೈಹಣವೇ ಹೊರತು ನಷ್ಟ ತುಂಬಿಕೊಡುವ ವ್ಯವಸ್ಥೆಯಲ್ಲ. 2019ರ ಆಗಸ್ಟ್‌ನಲ್ಲಿ ಕೃಷ್ಣೆ, ಮಲಪ್ರಭೆ, ಘಟಪ್ರಭೆಗಳು ಉಕ್ಕಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಹಳ್ಳಿಗಳು ಮುಳುಗಿದಾಗ ರಾಜ್ಯ ಸರ್ಕಾರ ತುರ್ತಿಗೆಂದು ಕುಟುಂಬಕ್ಕೆ 10,000 ರೂಪಾಯಿಯನ್ನೂ, ಪೂರ್ತಿ ಬಿದ್ದ ಮನೆಗೆ 5 ಲಕ್ಷವನ್ನೂ ಘೋಷಿಸಿತ್ತು. ಇಂಥ ಮೊತ್ತಗಳು ಪ್ರತಿ ಸಲವೂ ಆ ಹೊತ್ತಿನ ಸರ್ಕಾರದ ನಿರ್ಧಾರ. ಯಾವ ಮನೆಯೊಡೆಯನಿಗೂ ಅದರ ಮೇಲೆ ಮುಂಚಿತವಾದ ಹಕ್ಕಿಲ್ಲ.

ದಿಬ್ಬ ಹತ್ತಿ ಮತ್ತೆ ಪೂರ್ವಕ್ಕೆ ಬಂದರೆ ಜಯನಗರ. 1948ರಲ್ಲಿ ಶಂಕುಸ್ಥಾಪನೆಯಾದ ಬಡಾವಣೆ ಇದು. ಇಲ್ಲಿನ ಹಳೆಯ ಮನೆಗಳಿಗೆ ಗೇಟಿನಿಂದ ಜಗಲಿಗೆ ನಾಲ್ಕೈದು ಮೆಟ್ಟಿಲು ಇರುತ್ತಿದ್ದವು. ಹಳೆಯ ಡಾಂಬರು ಕೆತ್ತದೆ ಅದರ ಮೇಲೇ ಹೊಸದನ್ನು ಹಾಸುತ್ತಾ ಬಂದ ಬೀದಿಗಳಲ್ಲಿ ರಸ್ತೆ ಒಂದೊಂದೇ ಮೆಟ್ಟಿಲನ್ನು ನುಂಗಿದೆ. ಕೆಲವು ಮನೆಗಳಿಗೆ ಈಗ ಗೇಟಿನಿಂದ ಒಳಕ್ಕೆ ಇಳಿದು ಹೋಗಬೇಕು. ಕೆರೆಯ ಹತ್ತಿರ ಸುಳಿಯದ ಬೀದಿಯಲ್ಲೂ ನೀರು ಒಳಕ್ಕೆ ಬರುವುದು ಹೀಗೆ.

ಕನಕಪುರ ರಸ್ತೆಗುಂಟ ಜೆ.ಪಿ. ನಗರದ ಕಡೆ ಬಂದರೆ ಸುಮಾರು 82 ಎಕರೆಯ ಸಾರಕ್ಕಿ ಕೆರೆ. 2015ರ ಏಪ್ರಿಲ್‌ನಲ್ಲಿ ಜಿಲ್ಲಾಡಳಿತ ಜೆಸಿಬಿ ತಂದು ಈ ಕೆರೆಯ ಒತ್ತುವರಿ ತೆರವು ಮಾಡಿದಾಗ ಅಲ್ಲಿ ಮನೆ ಕಟ್ಟಿಕೊಂಡಿದ್ದವರಲ್ಲಿ ಅನೇಕರ ಕೈಯಲ್ಲಿ ಕ್ರಯಪತ್ರಗಳಿದ್ದವು. ಮರುವರ್ಷ, 2016ರ ಆಗಸ್ಟ್‌ನಲ್ಲಿ, ಬನ್ನೇರುಘಟ್ಟ ರಸ್ತೆ ಬದಿಯ ಅವನಿ ಶೃಂಗೇರಿ ನಗರದಲ್ಲಿ ಪಾಲಿಕೆ ರಾಜಕಾಲುವೆ ಒತ್ತುವರಿಯೆಂದು ಮನೆಗಳನ್ನು ಕೆಡವಿತು. ಅಲ್ಲೂ ಖಾತೆ ಇತ್ತು, ಬ್ಯಾಂಕ್ ಸಾಲವಿತ್ತು, ವರ್ಷವರ್ಷ ಕಟ್ಟಿದ ತೆರಿಗೆಯ ರಸೀದಿ ಇತ್ತು. ಈ ಎರಡು ಜಾಗಗಳನ್ನು ನೋಡಿದವರು ವಿಮೆ ಪತ್ರದ ಒಂದು ಷರತ್ತನ್ನು ನೆನಪಿಡಬೇಕು: ಸರ್ಕಾರದ ಅಥವಾ ಕಾನೂನುಬದ್ಧ ಪ್ರಾಧಿಕಾರದ ಆದೇಶದಿಂದ ಕೆಡವಿದ ಮನೆಗೆ ವಿಮೆ ಸಿಗುವುದಿಲ್ಲ. ಮಳೆ ಕೆಡವಿದರೆ ಸಿಗುತ್ತದೆ, ಜೆಸಿಬಿ ಕೆಡವಿದರೆ ಇಲ್ಲ.

ಮನೆ ಕೆರೆ, ಕಾಲುವೆಯ ಜಾಗದಲ್ಲಿದೆಯೇ ಎಂದು ಮೊದಲೇ ತಿಳಿಯುವ ದಾರಿ ಜೇಬಿನಲ್ಲೇ ಇದೆ. ಕಂದಾಯ ಇಲಾಖೆಯ ‘ದಿಶಾಂಕ್’ ಆ್ಯಪ್ ತೆರೆದು ನಿಂತ ಜಾಗದಲ್ಲಿ ಬೆರಳಿಟ್ಟರೆ ಸರ್ವೆ ನಂಬರು ಬರುತ್ತದೆ, ಹಳೆಯ ಗ್ರಾಮ ನಕ್ಷೆಯ ಕೆರೆ, ಕಾಲುವೆಗಳು ಕಾಣುತ್ತವೆ. ಜೆ.ಪಿ. ನಗರದ ಅಡ್ಡರಸ್ತೆಗಳಲ್ಲಿ ಅದನ್ನು ಹಿಡಿದು ನಡೆದರೆ ಅಪಾರ್ಟ್‌ಮೆಂಟಿನ ಕಾಂಪೌಂಡಿನ ಕೆಳಗೆ, ಮೆಡಿಕಲ್ ಸ್ಟೋರಿನ ಕೆಳಗೆ ಹಳೆಯ ಗೆರೆಗಳು ಹಾದುಹೋಗುತ್ತವೆ. ಈ ಗೆರೆಗಳ ಆಚೀಚೆ ಎಷ್ಟು ಜಾಗ ಬಿಡಬೇಕೆಂಬ ಜಗಳ ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು. ಹಸಿರು ನ್ಯಾಯಮಂಡಳಿ 2016ರಲ್ಲಿ ಕೆರೆಯ ಸುತ್ತ 75 ಮೀಟರ್ ಬಿಡಬೇಕೆಂದಿತು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿ, 2015ರ ನಗರ ಯೋಜನೆಯ 30 ಮೀಟರ್ ಲೆಕ್ಕವನ್ನೇ ಉಳಿಸಿತು. ಕೋರ್ಟು ಅಳತೆ ಬದಲಿಸಿದರೂ ಇಳಿಜಾರು ಇದ್ದಲ್ಲೇ ಇದೆ.

ಬನ್ನೇರುಘಟ್ಟ ರಸ್ತೆ ದಾಟಿದರೆ ಹುಳಿಮಾವು. ಇಲ್ಲಿನ ಪ್ರವಾಹಕ್ಕೆ ಮಳೆ ಕಾರಣವೇ ಅಲ್ಲ. 2019ರ ನವೆಂಬರ್ 24, ಭಾನುವಾರ, ಬಿಸಿಲಿದ್ದ ಮಧ್ಯಾಹ್ನ ಹುಳಿಮಾವು ಕೆರೆಯ ಏರಿ ಒಡೆಯಿತು. ಏರಿಯ ಬಳಿ ಯಂತ್ರದಿಂದ ಮಣ್ಣು ಅಗೆದದ್ದೇ ಕಾರಣವೆಂದು ಆಗ ವರದಿಯಾಯಿತು. ರಜೆಯ ದಿನ ಊಟ ಮುಗಿಸಿ ಮಲಗಿದ್ದ ನೂರಾರು ಮನೆಗಳಿಗೆ ಕೆರೆಯೇ ಬಂತು. ಸಂಜೆಗೆ ರಕ್ಷಣಾ ತಂಡಗಳು ದೋಣಿ ಇಳಿಸಿದವು. ಕೆರೆಯ ಕೆಳಗಿನ ಜಾಗದಲ್ಲಿ ಮನೆ ಇರುವವರಿಗೆ ಮಳೆಗಾಲ ಮುಗಿಯಿತೆಂಬ ಧೈರ್ಯ ಸಾಲದು ಎನ್ನುವುದಕ್ಕೆ ಆ ಭಾನುವಾರವೇ ಸಾಕ್ಷಿ.

ಅಲ್ಲಿಂದ ಉತ್ತರಕ್ಕೆ ಮಡಿವಾಳ ಕೆರೆ. ಅದರ ಕೋಡಿ ನೀರು ಅಗರ ಕೆರೆಗೆ, ಅಗರದ್ದು ಬೆಳ್ಳಂದೂರಿಗೆ. ಸರಪಳಿಯ ಒಂದು ಕೊಂಡಿ ಕಟ್ಟಿಕೊಂಡರೆ ಹಿಂದಿನ ಬಡಾವಣೆಗಳಿಗೆ ನೀರು ತಿರುಗುತ್ತದೆ. 2016ರ ಜುಲೈ ಕೊನೆಯಲ್ಲಿ ಹಾಗೇ ಆಯಿತು. ಕೋಡಿಚಿಕ್ಕನಹಳ್ಳಿಯ ರಸ್ತೆಗಳಲ್ಲಿ ದೋಣಿ ಓಡಿದವು, ಜನ ಬೀದಿಯಲ್ಲೇ ನಿಂತು ಕೆರೆಯ ಮೀನು ಹಿಡಿದರು. ಪತ್ರಿಕೆಗಳು ಆ ಚಿತ್ರಗಳನ್ನು ಮೋಜಿನಂತೆ ಅಚ್ಚು ಹಾಕಿದವು. ಮೀನು ಸಿಕ್ಕಿದ ಮನೆಗಳ ಸಂಪಿನಲ್ಲಿ ಕುಡಿಯುವ ನೀರು ಚರಂಡಿಯ ಜೊತೆ ಬೆರೆತಿತ್ತು.

ಬಿಟಿಎಂ ಲೇಔಟಿನ ತಗ್ಗಿನ ಒಂದು ಅಡ್ಡರಸ್ತೆಯನ್ನು ನಿಧಾನವಾಗಿ ನೋಡುವುದು ಈ ಪ್ರವಾಸದ ಮುಖ್ಯ ಭಾಗ. ಗೇಟಿನ ಎರಡು ಕಂಬಗಳಿಗೆ ಕಬ್ಬಿಣದ ಚಾನಲ್ ಬಡಿದಿದ್ದಾರೆ; ಮೋಡ ಕಟ್ಟಿದಾಗ ಅದರೊಳಕ್ಕೆ ಹಲಗೆ ಇಳಿಸಿ, ಸಂದಿಗೆ ಮರಳು ಚೀಲ ಒತ್ತುತ್ತಾರೆ. ಪಕ್ಕದ ಮನೆಯಲ್ಲಿ ಗೇಟಿನ ಅಡಿಗೇ ಮೊಣಕಾಲೆತ್ತರ ಕಟ್ಟೆ ಕಟ್ಟಿರುವುದರಿಂದ ಸ್ಕೂಟರನ್ನು ಇಬ್ಬರು ಹಿಡಿದು ಎತ್ತಬೇಕು. ಮೊದಲು ಮೊಣಕಾಲ ಮಟ್ಟದಲ್ಲಿದ್ದ ಮೀಟರ್ ಬೋರ್ಡು ಈಗ ತಲೆಯ ಮೇಲಿದೆ. ಅದು ಮೊದಲಿದ್ದ ಜಾಗದಲ್ಲಿ ನಾಲ್ಕು ಸ್ಕ್ರೂ ತೂತು, ಅದರ ಮೇಲೆ ಡಿಸ್ಟೆಂಪರಿನಲ್ಲಿ ಕಂದು ಗೆರೆ. ಸಂಪಿನ ಮುಚ್ಚಳದ ಸುತ್ತ ಆರಿಂಚಿನ ಕಟ್ಟೆ. ಬಚ್ಚಲ ಕಿಂಡಿಯ ಮೇಲೆ ಮರಳು ತುಂಬಿದ ಪ್ಲಾಸ್ಟಿಕ್ ಚೀಲ. ಕಾರಣ, ಇಲ್ಲಿ ನೀರು ಮೊದಲು ಬರುವುದು ಮುಂಬಾಗಿಲಿನಿಂದಲ್ಲ. ಬೀದಿಯ ಒಳಚರಂಡಿ ತುಂಬಿದಾಗ ಅದೇ ಕೊಳವೆಯಲ್ಲಿ ಹಿಂದಕ್ಕೆ ಬಂದು ಬಚ್ಚಲು, ಕಕ್ಕಸುಗಳಲ್ಲಿ ಉಕ್ಕುತ್ತದೆ. ಛೇಂಬರಿಗೆ ನಾನ್-ರಿಟರ್ನ್ ವಾಲ್ವ್ ಹಾಕಿಸಿದ ಮನೆಗಳಿಗೆ ಆ ಕಾಟ ಕಡಿಮೆ.

2025ರ ಮೇ 18ರ ರಾತ್ರಿಯ ಮಳೆಗೆ ಈ ಯಾವ ಉಪಾಯವೂ ಸಾಲಲಿಲ್ಲ. ಕೆಂಗೇರಿಯಲ್ಲಿ 132 ಮಿ.ಮೀ. ಸುರಿದ ರಾತ್ರಿ ಅದು. ಸಿಲ್ಕ್ ಬೋರ್ಡ್ ಜಂಕ್ಷನ್ ಕೆರೆಯಾಯಿತು. ಮೇ 19ರಂದು ಬಿಟಿಎಂ ಎರಡನೇ ಹಂತದ ಅಪಾರ್ಟ್‌ಮೆಂಟ್ ಒಂದರ ನೆಲಮಾಳಿಗೆಯಿಂದ ಪಂಪ್ ಹಚ್ಚಿ ನೀರು ಹೊರಹಾಕಲು ಹೋದಾಗ ವಿದ್ಯುತ್ ತಗುಲಿ ಇಬ್ಬರು ಸತ್ತರು: 63 ವರ್ಷದ ನಿವಾಸಿ, ಮತ್ತು ಅಲ್ಲೇ ಕೆಲಸಕ್ಕಿದ್ದವರ 12 ವರ್ಷದ ಮಗ. ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಆ ಮಳೆಯ ನಂತರ ಕೊಟ್ಟ ಲೆಕ್ಕದಂತೆ ನಗರದಲ್ಲಿ ನೀರು ನುಗ್ಗುವ 210 ಜಾಗಗಳನ್ನು ಗುರುತಿಸಲಾಗಿತ್ತು, 166ರಲ್ಲಿ ಕೆಲಸ ಮುಗಿದಿತ್ತು. ಉಳಿದ ಜಾಗಗಳಲ್ಲಿ ತಮ್ಮ ಬೀದಿ ಇದೆಯೇ ಎಂದು ಮನೆಯವರು ಕೇಳುವುದು ನ್ಯಾಯವೇ.

ಇಷ್ಟೆಲ್ಲ ಕಂಡ ಬೀದಿಯಲ್ಲಿ ಕಾರಿಗೆ ವಿಮೆ ಇಲ್ಲದ ಮನೆ ಸಿಗುವುದು ಕಷ್ಟ, ಮನೆಗೆ ವಿಮೆ ಇರುವ ಮನೆ ಸಿಗುವುದು ಅದಕ್ಕಿಂತ ಕಷ್ಟ. ಕಾರಿನದ್ದು ಕಾನೂನಿನ ಬಲವಂತ. ಮನೆಯದ್ದಕ್ಕೆ ಬಲವಂತ ಮಾಡುವುದು ಸಾಲ ಕೊಟ್ಟ ಬ್ಯಾಂಕು ಮಾತ್ರ. ಆಗ ಸಹಿ ಹಾಕಿದ ಕಾಗದಗಳಲ್ಲಿ ಅದೂ ಒಂದು ಎಂಬುದು ಎಷ್ಟೋ ಮಂದಿಗೆ ನೆನಪಿರುವುದಿಲ್ಲ. ಸಾಲ ತೀರಿದ ದಿನ ಮನೆಪತ್ರ ಬಿಡಿಸಿಕೊಂಡು ಬಂದು ಸಿಹಿ ಹಂಚುತ್ತಾರೆ, ವಿಮೆ ಮುಂದುವರಿಸುವ ಮಾತು ಯಾರೂ ಎತ್ತುವುದಿಲ್ಲ.

ಅಮೆರಿಕದಲ್ಲಿ ಕಥೆ ಬೇರೆ. ಅಲ್ಲಿನ ಮನೆಯೊಡೆಯನ ಸಾಮಾನ್ಯ ಗೃಹವಿಮೆಯಲ್ಲಿ ಪ್ರವಾಹ ಸೇರುವುದೇ ಇಲ್ಲ. ಅದಕ್ಕೆಂದೇ 1968ರಲ್ಲಿ ರಾಷ್ಟ್ರೀಯ ಪ್ರವಾಹ ವಿಮಾ ಯೋಜನೆ ಬಂತು. ಸರ್ಕಾರ ನೆರೆ ನಕ್ಷೆ ಬರೆಯುತ್ತದೆ. ಹೆಚ್ಚು ಅಪಾಯದ ವಲಯದಲ್ಲಿ ಮನೆ ಇದ್ದು, ಸಾಲಕ್ಕೆ ಸರ್ಕಾರದ ಬೆಂಬಲ ಇದ್ದರೆ, ಪ್ರವಾಹ ವಿಮೆ ಕಡ್ಡಾಯ. ಕಟ್ಟಡಕ್ಕೆ ಗರಿಷ್ಠ 2,50,000 ಡಾಲರ್, ಸಾಮಾನಿಗೆ 1,00,000 ಡಾಲರ್. ಸಾಮಾನ್ಯವಾಗಿ 30 ದಿನ ಕಾಯಬೇಕು, ಚಂಡಮಾರುತದ ಸುದ್ದಿ ಕೇಳಿ ಓಡಿದರೆ ಪ್ರಯೋಜನವಿಲ್ಲ.

ನಮ್ಮಲ್ಲಿ ಪ್ರವಾಹಕ್ಕೆಂದು ಬೇರೆ ಪಾಲಿಸಿ ಬೇಕಿಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರದ ಆದೇಶದಂತೆ 2021ರ ಏಪ್ರಿಲ್ 1ರಿಂದ, ಮನೆಗಳಿಗೆ ಬೆಂಕಿ ವಿಮೆ ಮಾರುವ ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ ‘ಭಾರತ್ ಗೃಹ ರಕ್ಷಾ’ ಎಂಬ ಒಂದೇ ಮಾದರಿಯ ಪಾಲಿಸಿ ಕೊಡಬೇಕು. ಬೆಂಕಿ, ಸಿಡಿಲು, ಭೂಕಂಪ, ಬಿರುಗಾಳಿಯ ಜೊತೆಗೆ ನೆರೆ ಮತ್ತು ಜಲಾವೃತ ಅದರೊಳಗೇ ಇವೆ.

ಲೆಕ್ಕ ಹೀಗೆ. ವಿಮೆ ಆಗುವುದು ಕಟ್ಟಡಕ್ಕೆ, ನಿವೇಶನಕ್ಕಲ್ಲ. 30×40 ಸೈಟಿನ ಬೆಲೆ ಕೋಟಿಗಳಲ್ಲಿದ್ದರೂ ಇಲ್ಲಿ ಎಣಿಕೆಗೆ ಬರುವುದು ಕಾರ್ಪೆಟ್ ವಿಸ್ತೀರ್ಣ ಮತ್ತು ಅದನ್ನು ಮತ್ತೆ ಕಟ್ಟುವ ಖರ್ಚು. 1,000 ಚದರಡಿಗೆ, ಅಡಿಗೆ 2,500 ರೂಪಾಯಿಯಂತೆ ಹಿಡಿದರೆ 25 ಲಕ್ಷ. ಕಟ್ಟಡದ ಜೊತೆ ಸಾಮಾನನ್ನೂ ಸೇರಿಸಿ ಪಾಲಿಸಿ ತೆಗೆದರೆ, ಪಟ್ಟಿ ಕೊಡದೆಯೇ ಆ ಮೊತ್ತದ ಶೇ 20ರಷ್ಟು, ಅಂದರೆ 5 ಲಕ್ಷ, ಮನೆಯೊಳಗಿನ ವಸ್ತುಗಳಿಗೆ. ಈ ಶೇಕಡ ಲೆಕ್ಕದ ಮಿತಿ 10 ಲಕ್ಷ. ಹೆಚ್ಚು ಬೇಕಾದರೆ ಪಟ್ಟಿ ಕೊಡಬೇಕು, ಒಡವೆಗೆ ಬೇರೆಯೇ ಐಚ್ಛಿಕ ರಕ್ಷಣೆ. ಇಷ್ಟಕ್ಕೆ ವರ್ಷದ ಕಂತು ಸಾಮಾನ್ಯವಾಗಿ ಕೆಲವೇ ಸಾವಿರ ರೂಪಾಯಿ. ಹತ್ತು ವರ್ಷದವರೆಗೆ ಒಟ್ಟಿಗೆ ಕಟ್ಟಬಹುದು. ಬಾಡಿಗೆಯವರು ಸಾಮಾನಿಗೆ ಮಾತ್ರ ಮಾಡಿಸಬಹುದು. ಮನೆ ಮಾಲೀಕರ ಪಾಲಿಸಿ ಬಾಡಿಗೆಯವರ ಲ್ಯಾಪ್‌ಟಾಪನ್ನು ಕಾಯುವುದಿಲ್ಲ.

ಸಿಗದ್ದನ್ನೂ ತಿಳಿದಿರಬೇಕು. ವರ್ಷಗಟ್ಟಲೆ ಜಿನುಗಿ ಕೆಟ್ಟ ಗೋಡೆ ಪ್ರವಾಹದ ಲೆಕ್ಕಕ್ಕೆ ಬರುವುದಿಲ್ಲ. ನೆಲಮಾಳಿಗೆಯಲ್ಲಿ ಮುಳುಗಿದ ಕಾರು ಗೃಹವಿಮೆಗೆ ಸೇರಿದ್ದಲ್ಲ. ಅದಕ್ಕೆ ಕಾರಿನ ಸಮಗ್ರ ವಿಮೆ ಬೇಕು, ಬರೀ ಥರ್ಡ್ ಪಾರ್ಟಿ ಸಾಲದು. ನೀರಲ್ಲಿ ನಿಂತ ಗಾಡಿಯ ಕೀ ತಿರುಗಿಸಿ ಎಂಜಿನ್ ಕೆಡಿಸಿಕೊಂಡರೆ, ಎಂಜಿನ್ ರಕ್ಷಣೆಯ ಆ್ಯಡ್-ಆನ್ ಇಲ್ಲದವರಿಗೆ ಕ್ಲೇಮು ಕೈಗೆ ಬರುವುದು ಅನುಮಾನ. ಮನೆಯೊಡೆಯ ಮತ್ತು ಸಂಗಾತಿಗೆ ತಲಾ 5 ಲಕ್ಷದ ಅಪಘಾತ ರಕ್ಷಣೆಯನ್ನು ಭಾರತ್ ಗೃಹ ರಕ್ಷಾಕ್ಕೆ ಸೇರಿಸಿಕೊಳ್ಳಬಹುದು. ಪಂಪು ಹಚ್ಚಲು ಇಳಿದ ಕೆಲಸದವರಿಗೆ, ಅವರ ಮಕ್ಕಳಿಗೆ ಅದರಲ್ಲಿ ಜಾಗವಿಲ್ಲ. ಹಾಗಾಗಿ ನೆಲಮಾಳಿಗೆಗೆ ಯಾರೇ ಇಳಿಯುವ ಮೊದಲೂ ಮೇನ್ ಸ್ವಿಚ್ ಆರಿಸುವುದನ್ನು ಅಪಾರ್ಟ್‌ಮೆಂಟಿನ ಸಂಘಗಳು ಕಟ್ಟುನಿಟ್ಟಿನ ನಿಯಮ ಮಾಡಬೇಕು.

ಕ್ಲೇಮಿನ ಹೊತ್ತಿಗೆ ಎಡವುವುದು ಬಹುತೇಕ ಮೊದಲ ಬೆಳಿಗ್ಗೆಯೇ. ನೀರು ಇಳಿದ ಕೂಡಲೇ ವಾಸನೆ ತಾಳಲಾರದೆ ಹಾಸಿಗೆ, ಸೋಫಾ ಎಲ್ಲವನ್ನೂ ಬೀದಿಗೆ ಎಸೆಯುತ್ತಾರೆ, ಕಸದ ಟ್ರ್ಯಾಕ್ಟರು ಹೊತ್ತೊಯ್ಯುತ್ತದೆ. ಮೂರನೇ ದಿನ ಬಂದ ಸರ್ವೇಯರ್ ಮುಂದೆ ತೋರಿಸಲು ತೊಳೆದ ನೆಲ ಮಾತ್ರ ಉಳಿದಿರುತ್ತದೆ. ಮೊದಲು ಕಂಪನಿಗೆ ತಿಳಿಸಿ ಕ್ಲೇಮಿನ ನಂಬರು ಪಡೆಯಬೇಕು. ಗೋಡೆಯ ನೀರಿನ ಗೆರೆ, ಪ್ರತಿ ವಸ್ತು, ಅದರ ಮಾದರಿ ಸಂಖ್ಯೆ ಕಾಣುವಂತೆ ಫೋಟೊ, ವಿಡಿಯೊ ತೆಗೆದಿಡಬೇಕು. ಕೆಟ್ಟ ಸಾಮಾನನ್ನು ಸರ್ವೇಯರ್ ನೋಡುವವರೆಗೆ ತಾರಸಿಯ ಮೇಲಾದರೂ ಇಡಬೇಕು.

ಹಿಂದಿರುಗುವ ದಾರಿ ಹಳದಿ ಮೆಟ್ರೊ. 2025ರ ಆಗಸ್ಟ್‌ನಲ್ಲಿ ಶುರುವಾದ ಈ ಮಾರ್ಗ ಬಿಟಿಎಂನಿಂದ ಜಯದೇವ, ರಾಗಿಗುಡ್ಡದ ಮೇಲೆ ಆರ್.ವಿ. ರಸ್ತೆಗೆ ಏರುತ್ತದೆ. ಕೆಳಗೆ ಕಾಲ್ನಡಿಗೆಯಲ್ಲಿ ಅರ್ಥವಾಗದ ತಗ್ಗುದಿಣ್ಣೆಗಳು ಕಿಟಕಿಯಿಂದ ಒಂದೇ ನೋಟಕ್ಕೆ ಸಿಗುತ್ತವೆ. ರಾಗಿಗುಡ್ಡದಲ್ಲಿ ಇಳಿದು ಆಟೊ ಹಿಡಿದರೆ ಜೆ.ಪಿ. ನಗರ ಮೊದಲ ಹಂತದ 24ನೇ ಮುಖ್ಯರಸ್ತೆಯಲ್ಲಿ ಜೀವನ್ ಸೌಧ. ಕರ್ನಾಟಕದ ವಿಮಾ ಒಂಬುಡ್ಸ್‌ಮನ್ ಕಚೇರಿ ಇರುವುದು ಇಲ್ಲಿ. ಬೀದರಿನಲ್ಲಿ ಕ್ಲೇಮು ತಿರಸ್ಕೃತವಾದವರೂ ಬರೆಯಬೇಕಾದ್ದು ಈ ವಿಳಾಸಕ್ಕೇ. ಮೊದಲು ಕಂಪನಿಗೆ ಲಿಖಿತ ದೂರು ಕೊಡಬೇಕು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ಇಲ್ಲಿಗೆ ಬರಬಹುದು. ಶುಲ್ಕವಿಲ್ಲ, ವಕೀಲರು ಬೇಕಿಲ್ಲ. 50 ಲಕ್ಷ ರೂಪಾಯಿವರೆಗಿನ ಪರಿಹಾರಕ್ಕೆ ಆದೇಶ ಕೊಡುವ ಅಧಿಕಾರ ಇವರಿಗಿದೆ, ಕಂಪನಿ ಅದನ್ನು ಪಾಲಿಸಲೇಬೇಕು. ಜಯನಗರ, ಬನಶಂಕರಿಯವರಿಗೆ ಇದು ಒಂದು ಬಸ್ಸಿನ ದೂರ.

ಬೆಂಗಳೂರಿಗೆ ಹೆಚ್ಚು ಮಳೆ ಬರುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಮೇ ತಿಂಗಳ ಗುಡುಗು ಮಳೆಯೂ ಹಿಂದೆ ಬೀಳುವುದಿಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ಮೇಘ ಸಂದೇಶ’ ಆ್ಯಪ್ ಬಡಾವಣೆಯ ಮಳೆಯ ಮುನ್ಸೂಚನೆ ಕೊಡುತ್ತದೆ; ಅದು ಫೋನಿನಲ್ಲಿರಲಿ. ಮನೆ ಕೊಳ್ಳುವವರು ಒಪ್ಪಂದಕ್ಕೆ ಮುಂಚೆ ದಿಶಾಂಕ್ ನೋಡಿ, ಜೋರು ಮಳೆಯ ಮರುದಿನ ಒಮ್ಮೆ ಆ ಬೀದಿಗೆ ಹೋಗಿ ಬನ್ನಿ. ಈಗಾಗಲೇ ಕೊಂಡವರು ಸಾಲದ ಕಡತದಿಂದ ವಿಮೆ ಪತ್ರ ಹೊರತೆಗೆದು ಅವಧಿ ಮುಗಿದಿದೆಯೇ ನೋಡಿ. ಅದರಲ್ಲಿ ಕಟ್ಟಡ ಮಾತ್ರ ಇದ್ದರೆ, ಮನೆಯೊಳಗಿನ ಸಾಮಾನನ್ನೂ ಸೇರಿಸುವಂತೆ ಈ ವಾರವೇ ಬರೆದು ಕೊಡಿ.